ಲಾರಿಯಲ್ಲಿ ನಿಂತು ಬಂದ ದೇವರು

ಹೊಳೆದಂಡೆಯ ಆಶ್ರಮದ ಮುಂದೆ ಲಾರಿ ಬಂದು ನಿಂತಾಗ ತಿಪ್ಪೇಶ ಪೂಜೆಗೆ ಹೂ ಬಿಡಿಸುತ್ತಿದ್ದ. ಹೂಬುಟ್ಟಿ ಅಲ್ಲೇ ಇಟ್ಟು ಒಂದೇ ಉಸಿರಿಗೆ ಓಡಿದ.

ಬಂದದ್ದು ಅಲಮೇಲಮ್ಮನವರ ಮಣ್ಣಿನ ಗೊಂಬೆಗಳು. ಅವರ ಅಜ್ಜಿ ಒಂದಿಷ್ಟು ಸೇರಿಸಿದ್ದರು, ತಾಯಿ ಒಂದಿಷ್ಟು, ಆಮೇಲೆ ಇವರು. ಈಗ ಮಗಳ ಜೊತೆ ಚಿಕ್ಕ ಮನೆಗೆ ಹೋಗಿದ್ದರು. ನವರಾತ್ರಿಗೆ ಹಂತ ಕಟ್ಟಿ ಗೊಂಬೆ ಕೂರಿಸುವಷ್ಟು ಜಾಗ ಅಲ್ಲಿರಲಿಲ್ಲ. ಆಶ್ರಮದ ಶಾಲೆಯ ಮಕ್ಕಳಾದರೂ ನೋಡಿ ಖುಷಿಪಡಲಿ ಎಂದು ಮನಸಾರೆ ಕೊಟ್ಟಿದ್ದರು.

ತರುವ ಹೊಣೆ ತಿಪ್ಪೇಶನದು. ಯಾರೂ ಹೊರಿಸಿದ್ದಲ್ಲ, ತಾನೇ ಮುನ್ನುಗ್ಗಿ ಹೊತ್ತದ್ದು. ಅವನು ಇರುವುದೇ ಹಾಗೆ. ಭಕ್ತಿಯ ಕೆಲಸ ಎಂದರೆ ಸಾಕು, ಊಟ ಬಿಟ್ಟು ಎದ್ದು ಬಿಡುವವನು.

ಪೆಟ್ಟಿಗೆಗಳನ್ನು ಲಾರಿಗೆ ಹೇರಿಸಿ, ತಾನು ಮುಂಚಿನ ಬಸ್ಸಿಗೆ ಹೊರಡುವಾಗ ಆ ತಾಯಿಯ ಕೈ ಹಿಡಿದು ಮಾತು ಕೊಟ್ಟಿದ್ದ.

"ನಿಮ್ಮ ಗೊಂಬೆಗಳ ಒಂದು ಬೆರಳೂ ಮುಕ್ಕಾಗಲ್ಲಮ್ಮ. ಗುರುಗಳ ಪಾದದಾಣೆ."

ಆ ಅಲಮೇಲಮ್ಮ ಇವತ್ತು ಸಂಜೆಯ ಬಸ್ಸಿಗೆ ಬರುವವರಿದ್ದರು, ತಮ್ಮ ಕೈಯಾರೆ ಗೊಂಬೆ ಕೂರಿಸಿಕೊಟ್ಟು ಹೋಗಲು.

ತಿಪ್ಪೇಶ ಮೊದಲು ದೇವರ ಪೆಟ್ಟಿಗೆಯನ್ನೇ ಇಳಿಸಿಕೊಂಡ. ಕೈ ಮುಗಿದ. ಮುಚ್ಚಳ ತೆಗೆದ.

ರಾಮನ ಕೈ ಬಿಲ್ಲಿನ ಸಮೇತ ಕಳಚಿ ಬಿದ್ದಿತ್ತು. ಸೀತೆಯ ತಲೆ ಉರುಳಿ ಲಕ್ಷ್ಮಣನ ಕಾಲ ಬಳಿ ಇತ್ತು. ಲಕ್ಷ್ಮಿ ಯಾವುದು, ಅವಳು ಕೂತಿದ್ದ ಕಮಲ ಯಾವುದು ಎಂದು ಹೇಳುವ ಹಾಗೇ ಇರಲಿಲ್ಲ. ಎಲ್ಲರ ಮೇಲೂ ಹೊದಿಸಿದ್ದ ರೇಷ್ಮೆ ಶಲ್ಯ ಮಾತ್ರ ಚೆನ್ನಾಗಿತ್ತು.

ಲಾರಿಯ ಕರಿಬಸಣ್ಣ ಇಣುಕಿ ನೋಡಿ "ಅಯ್ಯೋ ಶಿವನೇ" ಎಂದ.

ಅಷ್ಟು ಸಾಕಾಯಿತು ತಿಪ್ಪೇಶನಿಗೆ.

"ಲಾರಿ ಓಡಿಸುವಾಗ ಕಣ್ಣೇನು ಜೇಬಲ್ಲಿಟ್ಟುಕೊಂಡಿದ್ದೆಯಾ?"

"ಸ್ವಾಮಿ, ಬಸುರಿ ಹೆಂಗಸನ್ನ ಕರ್ಕೊಂಡು ಬರೋ ಹಾಗೆ ಬಂದಿದ್ದೀನಿ. ಗುಂಡಿ ಕಂಡಲ್ಲೆಲ್ಲ ಇಳಿದು ನೋಡಿ ದಾಟಿಸಿದ್ದೀನಿ."

"ಮುಚ್ಚು ಬಾಯಿ! ಇದೇನಾ ನೀನು ದಾಟಿಸಿದ್ದು? ಹೋಗು, ನನಗೆ ಮುಖ ತೋರಿಸಬೇಡ."

ಕರಿಬಸಣ್ಣ ಉಳಿದ ಪೆಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿಟ್ಟು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊಳೆಗಿಳಿದ.

ಗದ್ದಲ ಕೇಳಿ ಗುರುಗಳು ಹೊರಗೆ ಬಂದರು. ಅವರನ್ನು ಎಲ್ಲರೂ ಅಜ್ಜಯ್ಯ ಎನ್ನುತ್ತಿದ್ದರು. ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು. ಸುಮಾರು ಹೊತ್ತು ನೋಡಿದರು.

"ಲಾರಿಯವರು ಊಟ ಮಾಡಿದರೇನಪ್ಪಾ?"

ತಿಪ್ಪೇಶನಿಗೆ ಅಳು ಬಂತು. "ಅಜ್ಜಯ್ಯಾ, ಇಲ್ಲಿ ರಾಮನ ಕೈಯೇ ಹೋಗಿದೆ!"

"ಕಂಡೆ. ರಾಮ ಊಟ ಕೇಳ್ತಾ ಇಲ್ಲ. ಅವರು ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದಿದ್ದಾರೆ. ಕರೀ."

ಕರೆಯಲು ಹೋದ. ಹೋಗುವಾಗ ಹಲ್ಲು ಕಡಿಯುತ್ತಲೇ ಹೋದ ಅನ್ನಿ. ಆದರೂ ಕರೆದ, ಎಲೆ ಹಾಕಿದ, ಮುದ್ದೆ ಸಾರು ಬಡಿಸಿದ.

ಕರಿಬಸಣ್ಣ ಮುದ್ದೆ ಮುರಿಯುತ್ತಿದ್ದಾಗ ಅಜ್ಜಯ್ಯ ಅವನ ಪಕ್ಕದಲ್ಲೇ ಕೂತು ಹೇಳಿದರು, "ತಿಪ್ಪೇಶ, ಮಿಕ್ಕ ಪೆಟ್ಟಿಗೆಗಳನ್ನೂ ಬಿಚ್ಚು."

"ಅದರಲ್ಲಿ ಏನೂ ಇಲ್ಲ ಅಜ್ಜಯ್ಯಾ. ಶೆಟ್ಟಿ, ಶೆಟ್ಟಿ ಹೆಂಡತಿ, ಕೊರವಂಜಿ, ಪ್ರಾಣಿ ಪಕ್ಷಿ."

"ಅವರೂ ದೂರದಿಂದ ಬಂದವರೇ. ಬಿಚ್ಚು."

ಬಿಚ್ಚಿದ. ಹುಲ್ಲು ಸರಿಸಿದ. ಶೆಟ್ಟಿ ಹೊಟ್ಟೆ ಬಿಟ್ಟುಕೊಂಡು ನಗುತ್ತಿದ್ದ, ಮೀಸೆ ಸಮೇತ. ಅವನ ಹೆಂಡತಿಯ ಮೂಗುಬೊಟ್ಟೂ ಮಾಸಿರಲಿಲ್ಲ. ಕೊರವಂಜಿಯ ಬುಟ್ಟಿ, ಆನೆಯ ದಂತ ಎಲ್ಲ ಸರಿಯಾಗಿದ್ದವು.

ಕೊನೆಗೆ ಕೈಗೆ ಸಿಕ್ಕಿದ್ದು ಅಗಸನ ಕತ್ತೆ. ಅದರ ಕಿವಿಗಳೋ, ಮುಟ್ಟಿದರೆ ಮುರಿಯುವಷ್ಟು ತೆಳು. ಎರಡೂ ನೆಟ್ಟಗೆ ನಿಂತಿದ್ದವು.

ಅಜ್ಜಯ್ಯ ಕತ್ತೆಯನ್ನು ಅಂಗೈ ಮೇಲೆ ಇಟ್ಟುಕೊಂಡರು.

"ಇದು ಯಾವ ಲಾರಿಯಲ್ಲಿ ಬಂತು?"

"ಅದರಲ್ಲೇ."

"ದಾರಿ?"

"ಅದೇ ದಾರಿ."

"ಓಡಿಸಿದವರು?"

ತಿಪ್ಪೇಶ ಕರಿಬಸಣ್ಣನ ಕಡೆ ನೋಡಲಾರದೆ ನೆಲ ನೋಡಿದ.

"ಕಟ್ಟಿದವರು ಯಾರಪ್ಪಾ?"

"ಎಲ್ಲ ನಾನೇ."

"ಕತ್ತೆಯನ್ನ ಹೇಗೆ ಕಟ್ಟಿದೆ?"

"ಹುಲ್ಲು ಸುತ್ತಿದೆ. ಮಗ್ಗುಲಾಗಿ ಮಲಗಿಸಿದೆ. ಮೇಲಿಂದ ಇನ್ನಷ್ಟು ಹುಲ್ಲು ಒತ್ತಿದೆ."

"ರಾಮನನ್ನ?"

"ತಲೆಗೆ ಸ್ನಾನ ಮಾಡಿದೆ. ಮಡಿ ಉಟ್ಟೆ. ಯಾರನ್ನೂ ಕೋಣೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ರೇಷ್ಮೆ ಶಲ್ಯ ಹೊದಿಸಿದೆ."

"ನಿಲ್ಲಿಸಿದೆ."

"ಮತ್ತೆ ದೇವರನ್ನ ಅಂಗಾತ ಕೆಡವಿ ಮುಖಕ್ಕೆ ಹುಲ್ಲು ತುರುಕೋದಾ ಅಜ್ಜಯ್ಯಾ? ಒಬ್ಬರ ಮೇಲೊಬ್ಬರನ್ನ ಹೇರೋದಾ? ನನ್ನ ಕೈಲಿ ಆಗಲಿಲ್ಲ."

ಅಜ್ಜಯ್ಯ ಕತ್ತೆಯನ್ನು ಮೆಲ್ಲಗೆ ನೆಲದ ಮೇಲಿಟ್ಟರು.

"ಪಾಪ, ಇದು ಪುಣ್ಯ ಮಾಡಿತ್ತು. ನಿನ್ನ ಭಕ್ತಿಗೆ ಸಿಗಲಿಲ್ಲ."

ತಿಪ್ಪೇಶನ ಮುಖ ಚಿಕ್ಕದಾಯಿತು. ಕರಿಬಸಣ್ಣನ ಎಲೆಯ ಮುಂದೆ ಹೋಗಿ ಕೂತ. "ಅಣ್ಣಾ, ತಪ್ಪಾಯ್ತು. ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ."

ಕರಿಬಸಣ್ಣ ಮಜ್ಜಿಗೆ ಕುಡಿದು ಲೋಟ ಇಟ್ಟ. "ಬಿಡಿ ಸ್ವಾಮಿ. ಕುತ್ತಿಗೆ ಮಟ್ಟ ಉಂಡಿದ್ದೀನಿ. ಸಿಟ್ಟು ಇಟ್ಟುಕೊಳ್ಳೋಕೆ ಒಳಗೆ ಜಾಗ ಎಲ್ಲಿದೆ?"

ಅವನು ಹೊರಟು ಹೋದ. ತಿಪ್ಪೇಶನ ಸಂಕಟ ಮಾತ್ರ ಹೋಗಲಿಲ್ಲ. ಸಂಜೆ ಬಸ್ಸು ಬರುತ್ತದೆ. ಆ ತಾಯಿ ಇಳಿಯುತ್ತಾರೆ. ಯಾವ ಮುಖ ಇಟ್ಟುಕೊಂಡು ಎದುರು ನಿಲ್ಲುವುದು?

ಹೊತ್ತು ಇಳಿಯುವ ಹೊತ್ತಿಗೆ ಅವನಿಗೆ ಒಂದು ಉಪಾಯ ಹೊಳೆಯಿತು. ಒಡೆದ ದೇವರನ್ನೆಲ್ಲ ಬುಟ್ಟಿಗೆ ತುಂಬಿ, ಮೇಲೆ ಬಟ್ಟೆ ಮುಚ್ಚಿ, ಹಿಂದಿನ ಬಾಗಿಲಿನಿಂದ ಹೊಳೆಗೆ ನಡೆದ.

ಅಲ್ಲಿ ನೋಡಿದರೆ ಅಜ್ಜಯ್ಯ ಮೆಟ್ಟಿಲ ಮೇಲೆ ಕೂತು ಧೋತ್ರ ಒಗೆಯುತ್ತಿದ್ದಾರೆ!

"ಬುಟ್ಟಿಯಲ್ಲಿ ಏನು?"

"ಭಿನ್ನವಾದ ಮೂರ್ತಿ ಮನೆಯಲ್ಲಿ ಇಟ್ಟುಕೊಳ್ಳಬಾರದಲ್ಲ ಅಜ್ಜಯ್ಯಾ. ಹೊಳೆಗೆ ಬಿಡೋಣ ಅಂತ."

"ಸರಿ. ಯಾರ ಗೊಂಬೆ?"

"ಅಲಮೇಲಮ್ಮನವರದ್ದು. ಆದರೆ ಆಶ್ರಮಕ್ಕೆ ಕೊಟ್ಟಾಯ್ತಲ್ಲ."

"ಅವರು ಬರೋ ಮೊದಲೇ ಬಿಡಬೇಕೋ?"

ತಿಪ್ಪೇಶ ತಡವರಿಸಿದ. "ಅವರಿಗೆ ಕಣ್ಣೂ ಅಷ್ಟಾಗಿ ಕಾಣಲ್ಲ. ಚೆನ್ನಾಗಿರೋ ಗೊಂಬೆಗಳನ್ನ ಮುಂದೆ ಮುಂದೆ ಇಟ್ಟರೆ... ನೋಡದೇ ಇದ್ದರೆ ನೋವೂ ಇಲ್ಲವಲ್ಲ."

"ಯಾರಿಗೆ?"

ಅಜ್ಜಯ್ಯ ಒದ್ದೆ ಕೈ ಒರೆಸಿಕೊಂಡು ಬುಟ್ಟಿ ಇಸಿದುಕೊಂಡರು. ತೊಡೆಯ ಮೇಲೆ ಇಟ್ಟುಕೊಂಡು ಆರಾಮಾಗಿ ಕೂತರು.

"ಹೊಳೆ ಎಲ್ಲಿಗೂ ಓಡಿಹೋಗಲ್ಲ. ಬಸ್ಸು ಬರಲಿ."

ಬಸ್ಸು ಬಂತು. ಅಲಮೇಲಮ್ಮ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಕೋಡುಬಳೆ ಡಬ್ಬ ಹಿಡಿದು ಇಳಿದರು. "ಎಲ್ಲ ಸೌಖ್ಯವಾಗಿ ಬಂದರಾ ಮಗು?" ಎಂದು ನಗುತ್ತಲೇ ಕೇಳಿದರು.

ತಿಪ್ಪೇಶ ರಸ್ತೆಯ ಧೂಳಿನಲ್ಲೇ ಅವರ ಕಾಲಿಗೆ ಬಿದ್ದ.

"ದೇವರೆಲ್ಲ ಒಡೆದುಹೋದರಮ್ಮ. ಲಾರಿಯವರದ್ದು ತಪ್ಪಿಲ್ಲ. ನಾನು ಕಟ್ಟಿದ್ದೇ ತಪ್ಪು. ಗುರುಗಳ ಮೇಲೆ ಆಣೆ ಇಟ್ಟು ಮಾತು ಕೊಟ್ಟಿದ್ದೆ. ಉಳಿಸಿಕೊಳ್ಳಲಿಲ್ಲ."

ಅವರ ನಗು ಅಲ್ಲೇ ನಿಂತುಹೋಯಿತು. ಅವನ ಹಿಂದೆ ಹೊಳೆಯ ಮೆಟ್ಟಿಲವರೆಗೆ ನಡೆದು ಬಂದರು.

ಅಜ್ಜಯ್ಯನ ತೊಡೆಯ ಮೇಲಿದ್ದ ಬುಟ್ಟಿಯ ಬಟ್ಟೆ ಸರಿಸಿ ನೋಡಿದರು. ಸೀತೆಯ ತಲೆಯನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿದರು. ಆಮೇಲೆ ಕೂತುಬಿಟ್ಟರು, ಅತ್ತರು. ಸಣ್ಣ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು.

"ಈ ಸೀತಮ್ಮನಿಗೆ ನಮ್ಮಮ್ಮ ಪ್ರತಿ ವರ್ಷ ಜಡೆಗೆ ಹೂ ಮುಡಿಸೋಳು ಕಣಪ್ಪಾ. ಸಾಯೋ ವರ್ಷವೂ ಮುಡಿಸಿದ್ದಳು."

ತಿಪ್ಪೇಶನಿಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ಅಳು ಇಳಿದ ಮೇಲೆ ಅಲಮೇಲಮ್ಮ ಕೇಳಿದರು, "ಹೇಗೆ ಕಟ್ಟಿದ್ದೆ?"

ತಿಪ್ಪೇಶ ಎಲ್ಲ ಹೇಳಿದ. ಸ್ನಾನ, ಮಡಿ, ಶಲ್ಯ, ನಿಲ್ಲಿಸಿದ್ದು.

"ನಿಲ್ಲಿಸಿಯೇ? ಅಷ್ಟು ದೂರವೂ?"

"ಹೂಂ."

ಅವರು ಅವನನ್ನು ಎರಡು ಕಣ್ಣು ಬಿಟ್ಟು ನೋಡಿದರು. ನೋಡುತ್ತ ನೋಡುತ್ತ, ಕಣ್ಣಲ್ಲಿ ಇನ್ನೂ ನೀರು ಇರುವಾಗಲೇ, ನಗು ಬಂದುಬಿಟ್ಟಿತು.

"ಅಯ್ಯೋ ನನ್ನಪ್ಪನೇ! ಹಬ್ಬ ಮುಗಿದ ರಾತ್ರಿ ನಾವು ಅವರನ್ನೆಲ್ಲ ಮಲಗಿಸ್ತೀವಲ್ಲೋ! ಆರತಿ ಎತ್ತಿ, 'ದಣಿದಿದ್ದೀರಿ, ಮಲಗಿ' ಅಂತ ಹೇಳಿ, ಹಳೇ ಸೀರೆ ಸುತ್ತಿ ಪೆಟ್ಟಿಗೆಯಲ್ಲಿ ಮಲಗಿಸ್ತೀವಿ. ರಾಮನನ್ನೂ ಮಲಗಿಸ್ತೀವಿ, ಲಕ್ಷ್ಮಿಯನ್ನೂ ಮಲಗಿಸ್ತೀವಿ. ಗೊಂಬೆ ಕೂರಿಸೋ ಮನೆಯಲ್ಲಿ ಹಾಲುಗಲ್ಲದ ಮಗುವಿಗೂ ಅದು ಗೊತ್ತು."

"ನನಗೆ ಗೊತ್ತಿರಲಿಲ್ಲಮ್ಮ. ನಡೆಯೋಕೆ ಕಲಿತಾಗಿನಿಂದ ನಾನು ಇಲ್ಲೇ. ಇಲ್ಲಿ ದೇವರು ಯಾವಾಗಲೂ ನಿಂತೇ ಇರ್ತಾನೆ."

"ನಾನಾದರೂ ಹೇಳಬೇಕಿತ್ತು. ಇದನ್ನೂ ಹೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ನೀನು ಮಡಿ ಮಡಿ ಅಂತ ಬಾಗಿಲು ಹಾಕ್ಕೊಂಡೆ. ನಾನು ಹೊರಗೆ ಕೂತು, ಎಂಥಾ ಭಕ್ತಿ ಈ ಹುಡುಗನಿಗೆ ಅಂತ ಹಿಗ್ಗುತ್ತಾ ಇದ್ದೆ."

ಬೆಳಕು ಇರುವಾಗಲೇ ಮೂವರೂ ನೀರಿನ ಹತ್ತಿರ ಇಳಿದರು. ಅಲಮೇಲಮ್ಮ ಒಡೆದ ದೇವರನ್ನು ಒಬ್ಬೊಬ್ಬರನ್ನಾಗಿ ಹೊಳೆಯಲ್ಲಿ ಮಲಗಿಸಿದರು. ಸೀತೆಯ ತಲೆಯನ್ನು ಅವಳ ಮೈ ಪಕ್ಕದಲ್ಲೇ ಇಟ್ಟು, ಅದರ ಮೇಲೆ ತಮ್ಮ ಮುಡಿಯ ಹೂ ತೆಗೆದು ಬಿಟ್ಟರು.

ಬುಟ್ಟಿಯ ತಳದಲ್ಲಿ ಬೆಣ್ಣೆ ಕೃಷ್ಣ ಒಬ್ಬ ಉಳಿದಿದ್ದ. ಅವನ ನವಿಲುಗರಿಯ ತುದಿ ಒಂದಿಷ್ಟು ಮುಕ್ಕಾಗಿತ್ತು, ಅಷ್ಟೇ.

"ಇವನು ನನ್ನ ಜೊತೆ ಬರಲಿ" ಎಂದರು ಅಲಮೇಲಮ್ಮ. "ಪೂಜೆಗಲ್ಲ, ಸುಮ್ಮನೆ ನೋಡಿಕೊಂಡಿರೋಕೆ. ಮಗಳ ಮನೆಯಲ್ಲಿ ಇವನೊಬ್ಬನಿಗೆ ಜಾಗ ಆಗುತ್ತೆ. ಕಟ್ಟಿಕೊಡು ಮಗು."

ತಿಪ್ಪೇಶ ಹಿಂದೆ ಸರಿದ. "ನಾನಾ? ಬೇಡಮ್ಮ. ಈ ಕೈಗೆ ಮತ್ತೆ ಕೊಡಬೇಡಿ."

"ಇನ್ಯಾರ ಕೈಗೆ ಕೊಡಲಿ? ಇನ್ನು ಮೇಲೆ ನಿನ್ನಷ್ಟು ಜೋಪಾನವಾಗಿ ಕಟ್ಟುವವರು ಈ ಸೀಮೆಯಲ್ಲೇ ಸಿಗಲಿಕ್ಕಿಲ್ಲ."

ಬೈದಿದ್ದರೆ ತಿಪ್ಪೇಶ ತಡೆದುಕೊಳ್ಳುತ್ತಿದ್ದ, ಇದನ್ನು ತಡೆದುಕೊಳ್ಳಲಾಗಲಿಲ್ಲ. ಅವರ ಮುಂದೆ ನಿಂತು ಗೊಳೋ ಎಂದು ಅತ್ತುಬಿಟ್ಟ. ಅವರು ತಲೆ ಸವರಿದರು, ಆಮೇಲೆ ಡಬ್ಬ ತೆಗೆದು ಒಂದು ಕೋಡುಬಳೆ ಕೈಗಿಟ್ಟರು. "ತಿನ್ನು ಮೊದಲು. ಬೆಳಗಿನಿಂದ ಏನೂ ತಿಂದಿರಲ್ಲ ನೀನು" ಎಂದರು. ನಿಜವಾಗಿಯೂ ತಿಂದಿರಲಿಲ್ಲ.

ಉಳಿದ ಗೊಂಬೆಗಳನ್ನು ಇಬ್ಬರೂ ಸೇರಿ ಹಂತದ ಮೇಲೆ ಕೂರಿಸಿದರು. ಮೇಲಿನ ಸಾಲು ಖಾಲಿ ಇತ್ತು. ಅಲಮೇಲಮ್ಮ ಒಂದು ಕ್ಷಣ ನೋಡಿ, ಅಲ್ಲೊಂದು ದೀಪ ಹಚ್ಚಿಟ್ಟರು.

ಮಾರನೆಯ ಬೆಳಿಗ್ಗೆ ತಿಪ್ಪೇಶ ಕೃಷ್ಣನನ್ನು ಅವರ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ. ಡಬ್ಬದೊಳಗೆ ಹುಲ್ಲು ಹಾಸಿ ಮಲಗಿಸಿದ. ಮುಖದ ಮೇಲೆ ಹುಲ್ಲು ಇಡುವಾಗ ಕೈ ಅಳುಕಿತು.

"ಹೇಳು" ಎಂದರು ಅಲಮೇಲಮ್ಮ.

"ದಣಿದಿದ್ದೀಯ. ಮಲಗಪ್ಪಾ" ಎಂದ ತಿಪ್ಪೇಶ. ಹುಲ್ಲು ಮುಚ್ಚಿದ.

ಅವರು ಡಬ್ಬವನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಕೂತರು. ಬಸ್ಸು ತಿರುಗುವವರೆಗೂ ಕಿಟಕಿಯಿಂದ ಕೈ ಬೀಸುತ್ತಲೇ ಇದ್ದರು.

ಅಂದು ಅಮಾವಾಸ್ಯೆ. ಅಜ್ಜಯ್ಯನ ದರ್ಶನಕ್ಕೆ ಜನವೋ ಜನ. ತಿಪ್ಪೇಶನೇ ಅವರನ್ನು ಎತ್ತರದ ಗದ್ದುಗೆಯ ಮೇಲೆ ಕೂರಿಸಿ, ಮೈಮೇಲೆ ಶಾಲು ಸರಿಮಾಡಿ, ಸಾಲು ಕರಗುವವರೆಗೂ ಪಕ್ಕದಲ್ಲಿ ನಿಂತಿದ್ದ. ಭಕ್ತರ ಮುಂದೆ ಗುರುಗಳು ಒರಗಿ ಕೂರಬಾರದೆಂದು ಬೆನ್ನ ಹಿಂದಿನ ದಿಂಬನ್ನು ಅವನೇ ತೆಗೆದಿಟ್ಟಿದ್ದ.

ಕೊನೆಯ ಭಕ್ತರು ಹೋದಾಗ ಹೊತ್ತು ಮುಳುಗುತ್ತಿತ್ತು. ತಿಪ್ಪೇಶ ಗದ್ದುಗೆಯ ಮುಂದೆ ಉದ್ದಕ್ಕೆ ಬಿದ್ದ.

"ಅಜ್ಜಯ್ಯಾ, ಆ ತಾಯಿ ನನ್ನನ್ನ ಬೈಯಬಹುದಿತ್ತು, ಬೈಯಲಿಲ್ಲ. ಒಡೆದ ಕೈಗೇ ಮತ್ತೆ ಕೃಷ್ಣನನ್ನ ಕೊಟ್ಟರು. ಕರಿಬಸಣ್ಣ ಸಿಟ್ಟು ಮಾಡಲಿಲ್ಲ. ನೀವು ನನ್ನನ್ನ ಆ ಬುಟ್ಟಿಯ ಪಾಪದಿಂದ ಉಳಿಸಿದಿರಿ. ಎದೆ ತುಂಬಿ ಬಂದಿದೆ. ಈ ಋಣಕ್ಕೆ ನಾನು ಏನು ಸೇವೆ ಮಾಡಲಿ? ಹೇಳಿ, ಏನು ಬೇಕಾದರೂ ಮಾಡ್ತೀನಿ."

"ಏನು ಬೇಕಾದರೂ?"

"ಏನು ಬೇಕಾದರೂ ಅಜ್ಜಯ್ಯಾ."

ತಿಪ್ಪೇಶ ಎದ್ದು ಕೈ ಮುಗಿದು ಕಾದು ನಿಂತ.

ಅಜ್ಜಯ್ಯ ಸೊಂಟದ ಮೇಲೆ ಕೈ ಇಟ್ಟುಕೊಂಡು, ಮುಖ ಕಿವಿಚಿ ಹೇಳಿದರು:

"ಬೆಳಗಿನಿಂದ ಕೂತು ಕೂತು ಬೆನ್ನು ಹಿಡಿದುಹೋಗಿದೆ ಕಣಪ್ಪಾ. ನನ್ನನ್ನೂ ಸ್ವಲ್ಪ ಮಲಗಿಸು."