ಬೀಗದೊಳಗಿನ ಕಠಾರಿ

“ಕೇಳಿರಿ, ಕೇಳಿರಿ. ಸ್ವರ್ಗಸ್ಥ ದೊಡ್ಡ ಅರಸರ ಕಠಾರಿಯ ಬೀಟೆಮರದ ಹಿಡಿ ಸೀಳಿದೆ. ಅದನ್ನು ಕಾಯಬೇಕಿದ್ದ ಆಯುಧಶಾಲೆಯ ಕಾಳೋಜನ ತಲೆ ವಿಜಯದಶಮಿಯಂದು ಹೋಗುತ್ತದೆ. ರಾಜಮಾತೆಯವರ ಮೂರು ಒಗಟು ಬಿಡಿಸಿದವನಿಗೆ ಅವನ ಹುದ್ದೆ, ಜೊತೆಗೆ ಕೇಳಿದ ಒಂದು ವರ. ತಪ್ಪಿದವನ ತಲೆಯೂ ಅದೇ ದಿನ.”

ಹೊಂಗೆರೆಯ ಬೀದಿಗಳಲ್ಲಿ ಡಂಗುರ ಹೀಗೆ ಸಾರಿತು. ಒಗಟುಗಳು ರಾಜಮಾತೆ ಹೊನ್ನಾಂಬೆಯವು. ತಲೆಯ ಷರತ್ತು ಅರಸ ಚಂದರಸನ ಸೇರ್ಪಡೆ. ತೂಕ ಬರಲಿ ಎಂದಿರಬೇಕು.

ಮೊದಲು ಬಂದವನು ದಂಡನಾಯಕನ ಮಗ. “ಕಡಿದ ಮೇಲೂ ಕುಡಿಯುತ್ತದೆ, ಬಾಯಿಲ್ಲ. ಏನದು?” ಎಂದು ರಾಜಮಾತೆ ಕೇಳಿದಳು. ರಕ್ತ ಕುಡಿಯುವ ಕತ್ತಿ ಎಂದ. ಅವನು ರಕ್ತ ಕಂಡದ್ದು ಕ್ಷೌರದಲ್ಲಿ ಮಾತ್ರ. ಸೆರೆಮನೆಗೆ ಒಯ್ದರು.

ಆಸ್ಥಾನದ ಪಂಡಿತ ತಾನು ಒರಗಿದ್ದ ಕಂಬವನ್ನು ನೋಡಿ ಮರ ಎಂದು ಗೆದ್ದ. ಎರಡನೆಯದು ಬಂತು: “ಉಣಿಸಬೇಕು, ಉಣಿಸಿದ್ದನ್ನು ಒರೆಸಬೇಕು. ಯಾವ ಊಟ?” ಶಿಷ್ಯರಿಗೆ ಕಲಿಸಿದ ವಿದ್ಯೆ ಎಂದ. ಅನುಭವದ ಮಾತಿರಬಹುದು. ಅವನನ್ನೂ ಒಯ್ದರು.

ಮೂರನೆಯವನು ಮಾದೋಜ, ಕಾಳೋಜನ ಮಗ, ಸಂತೆಯಲ್ಲಿ ಕುಡುಗೋಲಿಗೆ ಹಿಡಿ ಹಾಕುವವನು. ಅಪ್ಪನ ತಲೆ ಸಾಲದೆಂದು ನಿನ್ನದನ್ನೂ ತಂದೆಯಾ ಎಂದು ಬಾಗಿಲ ಕಾವಲಿನವನು ಕೆಣಕಿದ.

“ಬುತ್ತಿ ತಂದಿದ್ದೇನೆ. ಅಪ್ಪನನ್ನು ನೋಡಲು ಬಿಡಲಿಲ್ಲ. ಸೋತರೆ ನೀವೇ ಅವನ ಹತ್ತಿರ ಬಿಡುತ್ತೀರಿ.”

ಮೊದಲನೆಯದಕ್ಕೆ ಅವನೂ ಮರ ಎಂದ; ಕಡಿದು ಹಿಡಿ ಮಾಡಿದ ಮೇಲೂ ಅದಕ್ಕೆ ದಾಹ. ಎರಡನೆಯದಕ್ಕೆ ಅಗಸೆ ಎಣ್ಣೆ ಎಂದ. ಮರ ಕುಡಿದಷ್ಟು ಕುಡಿಯಲಿ, ಮಿಕ್ಕಿದ್ದನ್ನು ಒರೆಸಬೇಕು. ಇಲ್ಲದಿದ್ದರೆ ಅಂಟಾಗಿ ಧೂಳು ಹಿಡಿಯುತ್ತದೆ.

ರಾಜಮಾತೆ ಮೂರನೆಯದನ್ನು ಕೇಳಿದಳು: “ಶತ್ರು ಮುಟ್ಟಲಿಲ್ಲ, ಮಿತ್ರನನ್ನು ಮುಟ್ಟಗೊಡಲಿಲ್ಲ. ಆದರೂ ಸೀಳಿತು. ಸೀಳಿದವರು ಯಾರು?”

ಕಠಾರಿ ನೋಡಬೇಕು ಎಂದ ಮಾದೋಜ. ಅರಸ ಒಪ್ಪಲಿಲ್ಲ, ತಾಯಿ ತರಿಸಿದಳು. ಮುಟ್ಟದೆ ಬಗ್ಗಿ ನೋಡಿದ. ಸೀಳಿನೊಳಗೆ ಕುಂಕುಮ ಗಟ್ಟಿಯಾಗಿತ್ತು. ಉತ್ತರ ತಿಳಿಯಿತು. ಅದನ್ನು ಹೇಳುವುದೂ ತಲೆ ಕೊಡುವುದೂ ಒಂದೇ ಅನ್ನಿಸಿತು. ಬುತ್ತಿಯನ್ನು ಕೆಳಗಿಟ್ಟ.

“ಪೂಜೆ ಮಾಡಿದವರು, ಬುದ್ಧಿ.”

ಮಾದೋಜ ನೆಲ ನೋಡುತ್ತಲೇ ಹೇಳಿದ: ಆಯುಧಪೂಜೆಗೆ ಅರಸರ ಕೈಯಿಂದ ಹಾಲು, ನೀರು, ಹಸಿ ಹೂವು, ಆಮೇಲೆ ವರ್ಷವಿಡೀ ಪೆಟ್ಟಿಗೆಗೆ ಬೀಗ. ನೆನೆದು ಉಬ್ಬಿದ ಮರ ಒಣಗಿ ಸೀಳುತ್ತದೆ. ಅಪ್ಪನಿಗೆ ಪೆಟ್ಟಿಗೆ ತೆರೆಯುವ ಅಪ್ಪಣೆಯೇ ಇರಲಿಲ್ಲ. “ನಾವೂ ಕುಡುಗೋಲಿಗೆ ಪೂಜೆ ಮಾಡುತ್ತೇವೆ. ಮಾರನೆಯ ದಿನ ಅದನ್ನೇ ಹಿಡಿದು ಕೊಯ್ಯುತ್ತೇವೆ.”

ಅರಸ ತಾಯಿಯ ಕಡೆ ತಿರುಗಿದ. “ಮೊದಲೇ ಹೇಳಬಹುದಿತ್ತಲ್ಲಮ್ಮ.”

“ಮೂರು ಸಲ ಹೇಳಿದೆ ಮಗನೇ. ಅಪ್ಪನ ನೆನಪಿಗೆ ಕೈ ಹಾಕಬೇಡ ಅಂತ ನೀನೇ ಅಂದೆ. ಅವರು ಆ ಕಠಾರಿಯಲ್ಲಿ ಸೀಬೆಹಣ್ಣು ಹೆಚ್ಚುತ್ತಿದ್ದರು. ಎಣ್ಣೆ ಸವರುತ್ತಿದ್ದವಳು ನಾನು.”

ಚಂದರಸ ಮಾದೋಜನಿಗೆ ವರ ಕೇಳು ಎಂದ. ಮಾದೋಜ ಕೇಳಿದ ವರ ಸೆರೆಯಲ್ಲಿದ್ದ ಅಷ್ಟೂ ತಲೆಗಳು. ಹುದ್ದೆ ಅಪ್ಪನಿಗೇ ಇರಲಿ ಎಂದ. ಅರಸ ಪೆಟ್ಟಿಗೆಯ ಬೀಗ ಕಿತ್ತು ಮಾದೋಜನ ಕೈಗಿತ್ತ. ಕಾಳೋಜ ಬಂದು ಅಲ್ಲೇ ಕೂತು ಬುತ್ತಿ ಬಿಚ್ಚಿದ.

ಮರುದಿನ ಅರಸ ತಾನೇ ಎಣ್ಣೆ ಹಚ್ಚಿದ, ಅಗತ್ಯಕ್ಕಿಂತ ಹೆಚ್ಚಾಗಿ. ಸಾಕು, ಒರೆಸಿ ಬುದ್ಧಿ ಎಂದ ಮಾದೋಜ. ಅರಸ ಒರೆಸಿದ. ಸೀಳು ಮುಚ್ಚಲಿಲ್ಲ, ಮುಂದೆ ಬೆಳೆಯಲೂ ಇಲ್ಲ. ಆ ಸಂಜೆ ಅರಸ ಅದೇ ಕಠಾರಿಯಿಂದ ಸೀಬೆಹಣ್ಣೊಂದನ್ನು ವಕ್ರವಾಗಿ ಹೆಚ್ಚಿ, ದೊಡ್ಡ ಹೋಳನ್ನು ತಾಯಿಗೆ ಕೊಟ್ಟ.