ಮೊಳೆ ಬೇಡದ ಮುಚ್ಚಳ

"ಗುರುಗಳೇ, ಜನರನ್ನು ನೋಯಿಸುವ ಒಂದು ಪದ್ಧತಿಯನ್ನು ತೆಗೆದುಹಾಕುವುದು ಒಳ್ಳೆಯದೋ ಕೆಟ್ಟದ್ದೋ?" ಎಂದು ಇನ್ನಾಸಪ್ಪ ಕೇಳಿದ.

ಇನ್ನಾಸಪ್ಪ ಪಾದ್ರಿಗಳಾಗುವವರು ಓದುವ ಒಂದು ಗುರುಮಠದಲ್ಲಿ ಮೂರನೆಯ ವರ್ಷದ ಶಿಷ್ಯ. ಈಸ್ಟರ್ ಹಬ್ಬದ ಮುಂಚಿನ ನಲವತ್ತು ದಿನದ ತಪಸ್ಸು ಕಾಲ ಶುರುವಾಗುವ ಹಿಂದಿನ ದಿನ ಅಲ್ಲಿ ಎಲ್ಲರೂ ಸಾಲಾಗಿ ನಿಂತು, ಒಬ್ಬರ ಮುಂದೆ ಒಬ್ಬರು ಬಂದು, ವರ್ಷದಲ್ಲಿ ಮಾಡಿದ ತಪ್ಪಿಗೆ ಕ್ಷಮೆ ಕೇಳುವ ಪದ್ಧತಿ ಇತ್ತು. ಹೋದ ವರ್ಷ ಇಬ್ಬರು ಬಿಕ್ಕಿ ಬಿಕ್ಕಿ ಅತ್ತರು, ಒಬ್ಬನಿಗೆ ತಲೆ ಸುತ್ತಿ ಬಂತು. ಈ ವರ್ಷ ಮಠದ ಹಿರಿಯರು ಅದನ್ನು ನಿಲ್ಲಿಸಿ, ಅವರವರ ಜಾಗದಲ್ಲೇ ಕೂತು ಮನಸ್ಸಿನಲ್ಲಿ ಕೇಳಿಕೊಂಡರೆ ಸಾಕು ಎಂದಿದ್ದರು.

ಇನ್ನಾಸಪ್ಪನಿಗೂ ಅವನ ಕೋಣೆಯಲ್ಲೇ ಇರುವ ಚೌರಪ್ಪನಿಗೂ ಮಾತು ನಿಂತು ಏಳು ತಿಂಗಳಾಗಿತ್ತು. ಇದು ಗುರುಗಳಿಗೆ ಗೊತ್ತಿತ್ತು, ಅಡುಗೆಯವನಿಗೂ ಗೊತ್ತಿತ್ತು. ಚೌರಪ್ಪ ಬರುವ ವಾರ ದೂರದ ಇನ್ನೊಂದು ಮಠಕ್ಕೆ ಹೋಗುವವನಿದ್ದ.

"ಯಾಕೆ ಕೇಳುತ್ತಿದ್ದೀಯ?" ಎಂದರು ಗುರುಗಳು.

"ಸುಮ್ಮನೆ."

"ಸುಮ್ಮನೆ ಕೇಳುವ ಪ್ರಶ್ನೆಗೆ ಯಾರೂ ಮೂರು ದಿನ ನನ್ನ ಬಾಗಿಲ ಹತ್ತಿರ ಸುಳಿದಾಡುವುದಿಲ್ಲ. ಕೂತುಕೋ. ಕತೆಯೊಂದು ಹೇಳುತ್ತೇನೆ. ನಡುನಡುವೆ ತಲೆಯಾಡಿಸಬೇಡ. ಮುಗಿಯುವ ಮೊದಲೇ ಅರ್ಥವಾದವರನ್ನು ಕಂಡರೆ ನನಗಾಗುವುದಿಲ್ಲ."

ಇನ್ನಾಸಪ್ಪ ಕೂತ. ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ನಮ್ಮ ಕ್ರೈಸ್ತ ಜನರೇ ಇರುವ ಊರು. ಬಾಗಿಲು, ಕಿಟಕಿ, ಮಂಚ ಎಲ್ಲ ಮಾಡುತ್ತಿದ್ದ. ಯಾರಾದರೂ ಸತ್ತರೆ ಪೆಟ್ಟಿಗೆಯನ್ನೂ ಅವನೇ ಮಾಡಬೇಕು. ಮಂಚ ಮಾಡಿಸುವವರು ನಾಲ್ಕು ಊರು ವಿಚಾರಿಸಿ ಬರುತ್ತಾರೆ. ಪೆಟ್ಟಿಗೆ ಬೇಕಾದವರು ಹತ್ತಿರದವನ ಮನೆಗೆ ಓಡುತ್ತಾರೆ.

ಆ ಊರಿನಲ್ಲಿ ಪೆಟ್ಟಿಗೆಯ ಮುಚ್ಚಳಕ್ಕೆ ಆರು ಮೊಳೆ. ಹೊಡೆಯುವವನು ಬಡಗಿಯಲ್ಲ, ಮನೆಯವರು. ಬಡಗಿ ಬಗ್ಗಿ ಕೂತು ಮೊಳೆಯನ್ನು ನೆಟ್ಟಗೆ ಹಿಡಿದುಕೊಳ್ಳುತ್ತಾನೆ, ಅಷ್ಟೇ. ಮನೆಗೆ ಹಿರಿಯವನು ಮೊದಲು ಹೊಡೆಯಬೇಕು. ಆಮೇಲೆ ಸುತ್ತಿಗೆಯನ್ನು ಮುಂದಿನವನಿಗೆ ಕೊಡಬೇಕು. ಆರೂ ಮೊಳೆ ಮುಗಿಯುವ ತನಕ ಸುತ್ತಿಗೆಯನ್ನು ನೆಲಕ್ಕೆ ಇಡುವಂತಿಲ್ಲ. ಕೈಯಿಂದ ಕೈಗೇ ಹೋಗಬೇಕು. ಕೊಡುವಾಗ ಸಂಬಂಧ ಹಿಡಿದು ಕರೆದೇ ಕೊಡಬೇಕು. ತಗೊಳ್ಳಪ್ಪ, ತಗೊಳ್ಳಣ್ಣ, ತಗೋ ಮಾವ ಅಂತ. ಯಾಕೆ ಹೀಗೆ ಎಂದು ಯಾರೂ ಕೇಳಿರಲಿಲ್ಲ. ನಡೆದುಕೊಂಡು ಬಂದಿತ್ತು.

ಬಡಗಿ ಇದನ್ನು ನೂರು ಸಲ ಮಾಡಿದ್ದ. ಆದರೆ ನೀನೇ ಯೋಚನೆ ಮಾಡು. ಅಳುವವನ ಕೈಯಲ್ಲಿ ಸುತ್ತಿಗೆ, ನಿನ್ನ ಎರಡು ಬೆರಳಿನ ನಡುವೆ ಮೊಳೆ. ನಿನ್ನ ಕಣ್ಣು ಎಲ್ಲಿರುತ್ತದೆ? ಬಡಗಿಯ ಕಣ್ಣೂ ಮೊಳೆಯ ತಲೆಯ ಮೇಲೇ ಇರುತ್ತಿತ್ತು. ಮೇಲೆ ಯಾರ ಕೈಯಿಂದ ಯಾರ ಕೈಗೆ ಸುತ್ತಿಗೆ ಹೋಯಿತು, ಯಾರು ಯಾರನ್ನು ಏನೆಂದು ಕರೆದರು ಎಂಬುದನ್ನು ಅವನು ಒಂದು ದಿನವೂ ತಲೆಯೆತ್ತಿ ನೋಡಿರಲಿಲ್ಲ. ಏಟು ಬೀಳುವುದು, ಹೆಂಗಸರು ಚೀರುವುದು, ಇವೆರಡು ಮಾತ್ರ ಅವನಿಗೆ ಕೇಳಿಸುತ್ತಿದ್ದದ್ದು.

ಒಂದು ಸಲ ಎರಡು ವರ್ಷದ ಒಂದು ಹೆಣ್ಣು ಮಗು ತೀರಿಕೊಂಡಿತು. ಎರಡು ಮೊಳದ ಪೆಟ್ಟಿಗೆ. ಮೊದಲ ಮೊಳೆಗೆ ಏಟು ಬಿದ್ದಾಗ ಅದರ ತಾಯಿ, "ಮೆಲ್ಲಗೆ ಹೊಡೀರಪ್ಪಾ, ಎದ್ದುಬಿಡ್ತಾಳೆ" ಎಂದಳು.

ಆ ದಿನ ಬಡಗಿ ಮನೆಗೆ ಬಂದು ಊಟ ಮಾಡಲಿಲ್ಲ. ಇನ್ನು ಈ ಊರಿನಲ್ಲಿ ಯಾವ ತಾಯಿಯ ಕಿವಿಗೂ ಈ ಸದ್ದು ಬೀಳಬಾರದು ಎಂದು ಹಟ ಹಿಡಿದು ಕೂತ. ಅವನು ಒಳ್ಳೆಯವನು ಇನ್ನಾಸಪ್ಪ, ಅದನ್ನು ಮರೆಯಬೇಡ. ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ.

ಎರಡು ವರ್ಷ ಕೈ ಸುಟ್ಟುಕೊಂಡು ಕೊನೆಗೆ ಒಂದು ಚಿಲಕ ಮಾಡಿದ. ಮುಚ್ಚಳದ ಒಳಬದಿಗೆ ಜಾಲಿ ಮರದ ನಾಲ್ಕು ನಾಲಗೆ. ಒಂದೊಂದರ ಹಿಂದೆ ಬಾಗಿಸಿದ ಬಿದಿರಿನ ಸೀಳು. ಪೆಟ್ಟಿಗೆಯ ಪಕ್ಕದ ಹಲಗೆಗಳಲ್ಲಿ ನಾಲ್ಕು ಕಚ್ಚು. ಮುಚ್ಚಳ ಇಟ್ಟು ಅಂಗೈಯಿಂದ ಒತ್ತಿದರೆ ಬಿದಿರು ಹಿಂದೆ ಸರಿಯುತ್ತದೆ, ಮತ್ತೆ ಚಿಮ್ಮಿ ನಾಲಗೆಯನ್ನು ಕಚ್ಚಿನೊಳಕ್ಕೆ ನೂಕುತ್ತದೆ. ನೆಟಿಕೆ ಮುರಿದಷ್ಟು ಸಣ್ಣ ಸದ್ದು, ಟಕ್ ಅಂತ. ಒಮ್ಮೆ ಕೂತಿತೆಂದರೆ ಹೊರಗಿನಿಂದ ಯಾರೂ ತೆಗೆಯುವಂತಿಲ್ಲ. ಪೆಟ್ಟಿಗೆಗೆ ಕಲ್ಲು ತುಂಬಿ, ತಲೆಕೆಳಗು ಮಾಡಿ, ಇಬ್ಬರು ಗಟ್ಟಿ ಆಳುಗಳಿಂದ ಅಲ್ಲಾಡಿಸಿ ನೋಡಿದ. ಮುಚ್ಚಳ ಬಿಡಲಿಲ್ಲ.

ಊರಿಗೆ ಊರೇ ಮೆಚ್ಚಿತು. ಪಾದ್ರಿಗಳು ಭಾನುವಾರದ ಪೂಜೆಯ ಕೊನೆಗೆ ಅವನ ಹೆಸರು ಹೇಳಿದರು. ಅಕ್ಕಪಕ್ಕದ ಊರಿನವರೂ ಅವನ ಪೆಟ್ಟಿಗೆಯೇ ಬೇಕೆಂದು ಬಂದರು. ಸಾವಿನ ಮನೆಯಲ್ಲಿ ಹೆಂಗಸರು ಕಿವಿ ಮುಚ್ಚಿಕೊಳ್ಳುವುದು ನಿಂತಿತು. ಬಡಗಿಗೆ ತನ್ನ ಜನ್ಮ ಸಾರ್ಥಕವಾಯಿತು ಅನ್ನಿಸಿತು. ಯಾಕೆ ಅನ್ನಿಸಬಾರದು?

ಬಡಗಿಗೆ ಒಬ್ಬ ಅಣ್ಣ ಇದ್ದ. ಅಪ್ಪ ಸಾಯುವ ಮೊದಲು, ಕಿರಿಯವನ ಕೈ ಚೆನ್ನಾಗಿದೆ ಎಂದು ತನ್ನ ಉಳಿ, ಬಾಚಿ, ಸುತ್ತಿಗೆ ಎಲ್ಲ ಇವನಿಗೆ ಕೊಟ್ಟಿದ್ದ. ಅಣ್ಣನೂ ಬಡಗಿಯೇ. ಅಪ್ಪನನ್ನು ಮಣ್ಣು ಮಾಡಿ ಬಂದ ಮೇಲೆ ಅದು ತಿಳಿದು ಅವನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಮರದ ಕೆಲಸವನ್ನೇ ಬಿಟ್ಟು, ಮೂರು ಮೈಲಿ ದೂರದ ಹಳ್ಳಿಗೆ ಹೋಗಿ ಇಟ್ಟಿಗೆ ಸುಡತೊಡಗಿದ. ತಮ್ಮನ ಸುದ್ದಿ ಯಾರಾದರೂ ಎತ್ತಿದರೆ ಎದ್ದು ಹೋಗುತ್ತಿದ್ದ. ಮೊದಲು ಅವನು ಬಂದು ಮಾತಾಡಿಸಲಿ ಎಂದು ಇವನು, ಇವನು ಬರಲಿ ಎಂದು ಅವನು. ಹೀಗೆ ಹನ್ನೊಂದು ವರ್ಷವಾಯಿತು.

ತಾಯಿ ಕಿರಿಯವನ ಮನೆಯಲ್ಲಿದ್ದಳು, ಕಣ್ಣು ಮಂಜಾಗಿತ್ತು. ಚಿಲಕ ಮೊದಲು ಕೂತ ದಿನ ಬಡಗಿ ಅವಳ ಕೈ ಹಿಡಿದು ಅದರ ಮೇಲೆ ಆಡಿಸಿ ತೋರಿಸಿದ್ದ. ಅವಳು ಎಲ್ಲವನ್ನೂ ಸವರಿ ನೋಡಿದಳು.

"ಚೆನ್ನಾಗೈತೆ ಕಣಪ್ಪ" ಎಂದಳು. "ನಂಗೆ ಮಾತ್ರ ಮೊಳೆನೇ ಹೊಡಿಸು."

"ಯಾಕವ್ವ, ಇದು ಗಟ್ಟಿ ಇಲ್ವಾ?"

"ಗಟ್ಟಿ ಐತೆ. ನಂಗೆ ಮೊಳೆ ಬೇಕು."

ವಯಸ್ಸಾದವರಿಗೆ ಹೊಸದು ಎಂದರೆ ಹೆದರಿಕೆ ಎಂದುಕೊಂಡು ಬಡಗಿ ನಕ್ಕ. ಅವಳೂ ಮತ್ತೆ ಬಾಯಿ ಬಿಡಲಿಲ್ಲ. ಹೇಳಬಹುದಿತ್ತು. ಇಬ್ಬರು ಮಕ್ಕಳನ್ನೂ ಕರೆದು ಕಿವಿ ಹಿಂಡಬಹುದಿತ್ತು. ಹಿಂಡಿಯೂ ನೋಡಿದ್ದಳೋ ಏನೋ, ನನಗೆ ಗೊತ್ತಿಲ್ಲ.

ಎರಡು ವರ್ಷ ಬಿಟ್ಟು ತಾಯಿ ತೀರಿಕೊಂಡಳು. ಬಡಗಿಗೆ ಅವಳ ಮಾತು ನೆನಪಿತ್ತು. ಆದರೆ ಕೈ ಬರಲಿಲ್ಲ. ಊರಿನ ತಾಯಂದಿರಿಗೆಲ್ಲ ಸದ್ದಿಲ್ಲದ ಮುಚ್ಚಳ ಮಾಡಿಕೊಟ್ಟು, ಹೆತ್ತವಳ ಮುಖದ ಮೇಲೆ ಮೊಳೆ ಹೊಡೆಸುವುದೇ? ಪ್ರೀತಿಯಿಂದಲೇ ಅವಳ ಮಾತು ಮೀರಿದ. ಒಳ್ಳೆಯ ಹಲಸಿನ ಹಲಗೆ ಆರಿಸಿ, ತನ್ನ ಕೈಯಲ್ಲಿ ಬಂದ ಅತ್ಯುತ್ತಮ ಚಿಲಕವನ್ನು ಅವಳಿಗೆ ಕೂರಿಸಿದ.

ಅಣ್ಣ ಬಂದ. ಹೆಂಡತಿ ಮಕ್ಕಳನ್ನು ಕರೆದುಕೊಂಡು ನಡೆದೇ ಬಂದ. ಯಾರ ಜೊತೆಗೂ ಮಾತಾಡಲಿಲ್ಲ. ತಾಯಿಯ ಪಾದ ಮುಟ್ಟಿ, ತಲೆಯ ಹತ್ತಿರ ಹೋಗಿ ನಿಂತ. ಪಾದ್ರಿಗಳು ಪ್ರಾರ್ಥನೆ ಹೇಳಿದರು. ಮುಚ್ಚಳ ತಂದಿಟ್ಟರು. ಅಣ್ಣ ಬಲಗೈಯನ್ನು ಪಂಚೆಗೆ ಒರೆಸಿಕೊಂಡು ಒಂದು ಹೆಜ್ಜೆ ಮುಂದೆ ಬಂದ. ಹಿರಿಯ ಮಗ ಅವನೇ. ಮೊದಲ ಮೊಳೆ ಅವನದು. ಎರಡನೆಯದು ತಮ್ಮನದು.

ಬಡಗಿ ಎರಡೂ ಅಂಗೈ ಇಟ್ಟು ಮುಚ್ಚಳವನ್ನು ಒತ್ತಿದ. ಟಕ್ ಎಂದಿತು.

ಸುತ್ತಿಗೆಗೆ ಚಾಚಿದ ಅಣ್ಣನ ಕೈ ಹಾಗೇ ನಿಂತಿತು. "ಇಷ್ಟೇನಾ?" ಎಂದ.

"ಇಷ್ಟೇ ಕಣಣ್ಣ. ಈಗ ಮೊಳೆ ಸುತ್ತಿಗೆ ಏನೂ ಬೇಡ. ನಿನ್ ತಮ್ಮನೇ ಮಾಡಿರೋದು" ಎಂದು ಪಕ್ಕದಲ್ಲಿದ್ದ ಯಾರೋ ಹೆಮ್ಮೆಯಿಂದ ಹೇಳಿದರು.

ಅಣ್ಣ ಕೈ ಕೆಳಗಿಳಿಸಿದ. ಗುಂಡಿಯ ಹತ್ತಿರ ಒಂದು ಹಿಡಿ ಮಣ್ಣು ಹಾಕಿ, ಕಾಫಿಗೂ ನಿಲ್ಲದೆ ಬಂದ ದಾರಿ ಹಿಡಿದು ಹೋದ. ಬಡಗಿಗೆ ಸಿಟ್ಟು ಬಂತು. ಅವ್ವ ಸತ್ತ ದಿನವೂ ಮುಖ ಕೊಟ್ಟು ಮಾತಾಡಲಿಲ್ಲ ನೋಡು, ಇವನದು ಎಂಥ ಕಲ್ಲು ಮನಸ್ಸು ಎಂದುಕೊಂಡ.

ಏಳನೇ ದಿನದ ಪೂಜೆ ಮುಗಿಸಿ ಮನೆಗೆ ಬಂದಾಗ ತಾಯಿಯ ತಂಗಿ, ಅವನ ಚಿಕ್ಕಮ್ಮ, ಪಾತ್ರೆ ಬೆಳಗುತ್ತಾ ಕೂತಿದ್ದಳು. ಬಡಗಿ ಅಣ್ಣನನ್ನು ಬೈಯತೊಡಗಿದ. ಅವಳು ಪಾತ್ರೆ ಕೆಳಗಿಟ್ಟಳು.

"ಅವನು ಮಾತಾಡಕ್ಕೇ ಬಂದಿದ್ದ ಕಣೋ" ಎಂದಳು. "ಸುತ್ತಿಗೆ ಕೊಡುವಾಗ 'ತಗೊಳ್ಳೋ ತಮ್ಮ' ಅನ್ನಲೇಬೇಕಿತ್ತಲ್ಲ. ನಿಮ್ಮವ್ವ ಹನ್ನೊಂದು ವರ್ಷ ಆ ಒಂದು ಮಾತು ನಂಬ್ಕೊಂಡು ಜೀವ ಹಿಡ್ಕೊಂಡಿದ್ಲು. ನನ್ನ ಹೆಣದ ಮೇಲಾದ್ರೂ ಒಂದಾಗ್ತಾರೆ ಅಂತಿದ್ಲು. ನೀನು ಕೈಯಲ್ಲಿ ಒತ್ತಿ ಮುಗಿಸಿಬಿಟ್ಟೆ."

ಈ ಊರಿನಲ್ಲಿ ಎಷ್ಟು ಜನ ವೈರಿಗಳು ಆ ಮುಚ್ಚಳದ ಮೇಲೆ ಒಬ್ಬರನ್ನೊಬ್ಬರು ಅಣ್ಣ, ಮಾವ ಎಂದು ಕರೆದು ಸುತ್ತಿಗೆ ಕೊಟ್ಟಿದ್ದರೋ, ಆಮೇಲೆ ಒಂದೇ ಪಂಕ್ತಿಯಲ್ಲಿ ಕೂತು ಉಂಡಿದ್ದರೋ, ಅದನ್ನೆಲ್ಲ ಚಿಕ್ಕಮ್ಮ ಒಂದೊಂದಾಗಿ ಹೇಳಿದಳು. ಪ್ರತಿ ಸಲವೂ ಬಡಗಿ ಅಲ್ಲೇ ಇದ್ದ. ಬಗ್ಗಿ ಕೂತು ಮೊಳೆ ಹಿಡಿದುಕೊಂಡಿದ್ದ.

ಮಾರನೆಯ ದಿನ ಬೆಳಗ್ಗೆ ಅಪ್ಪನ ಸುತ್ತಿಗೆ ತೆಗೆದುಕೊಂಡು ಮೂರು ಮೈಲಿ ನಡೆದ. ಅಣ್ಣ ಅಂಗಳದಲ್ಲಿ ಇಟ್ಟಿಗೆ ಜೋಡಿಸುತ್ತಿದ್ದ. ಬಡಗಿ ಎದುರಿಗೆ ನಿಂತು ಸುತ್ತಿಗೆ ಚಾಚಿದ.

"ತಗೊಳ್ಳಣ್ಣ" ಎಂದ.

ಅಣ್ಣ ಸುತ್ತಿಗೆಯನ್ನು ನೋಡಿದ. ತಮ್ಮನ ಮುಖ ನೋಡಿದ. "ಯಾರ ಪೆಟ್ಟಿಗೆಗೆ?" ಎಂದು ಕೇಳಿದ.

ಬಡಗಿ ಇನ್ನೊಂದು ಮಾತು ಆಡಿದ್ದರೆ ಆಗುತ್ತಿತ್ತು. ಯಾವ ಮಾತಾದರೂ ಆಗುತ್ತಿತ್ತು, ನೀರು ಕೊಡು ಅಂದಿದ್ದರೂ ಸಾಕಿತ್ತು. ಆದರೆ ಹನ್ನೊಂದು ವರ್ಷ ಆಡದ ನಾಲಗೆ, ಏಳಲಿಲ್ಲ. ಸುತ್ತಿಗೆ ಹಿಡಿದುಕೊಂಡೇ ಹಿಂದಿರುಗಿದ. ಅವನು ತಿರುವಿನಲ್ಲಿ ಮರೆಯಾಗುವ ತನಕ ಅಣ್ಣ ನೋಡುತ್ತಲೇ ಇದ್ದನಂತೆ. ಕೂಗಲಿಲ್ಲ.

ಬಡಗಿ ಇನ್ನು ಚಿಲಕ ಮಾಡುವುದಿಲ್ಲ ಎಂದ. ಊರಿನವರು ಒಪ್ಪಲಿಲ್ಲ. ಸದ್ದಿಲ್ಲದ್ದು ರೂಢಿಯಾಗಿತ್ತು. ಆಮೇಲೆ ಪ್ರತಿ ಪೆಟ್ಟಿಗೆಯ ಜೊತೆಗೆ ಒಂದು ಸುತ್ತಿಗೆಯನ್ನೂ ಕಳಿಸತೊಡಗಿದ, ಸುಮ್ಮನೆ ಕೈಯಿಂದ ಕೈಗಾದರೂ ಹೋಗಲಿ ಎಂದು. ಜನ ಅದನ್ನು ಕಿಟಕಿಯ ಮೇಲೆ ಇಟ್ಟು, ಮಣ್ಣು ಮಾಡಿ ಬಂದ ಮೇಲೆ ಮರೆಯದೆ ಹಿಂದಿರುಗಿಸುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು.

"ಆಮೇಲೆ ಅವರು ಒಂದಾಗಲಿಲ್ಲವೇ?" ಎಂದು ಇನ್ನಾಸಪ್ಪ ಕೇಳಿದ.

"ನನಗೆ ತಿಳಿದ ಮಟ್ಟಿಗೆ ಇಲ್ಲ."

ಇನ್ನಾಸಪ್ಪನ ಮುಖ ಅರಳಿತು.

"ಅರ್ಥವಾಯಿತು ಗುರುಗಳೇ. ಆ ಬಡಗಿ ಚಿಲಕ ಮಾಡಬಾರದಿತ್ತು. ನೋವಾದರೂ ಮೊಳೆಯೇ ಇರಬೇಕಿತ್ತು. ಹಾಗೆಯೇ ನಮ್ಮ ಮಠದ ಪದ್ಧತಿಯನ್ನೂ ಹಿರಿಯರು ನಿಲ್ಲಿಸಬಾರದಿತ್ತು. ಅದು ಇದ್ದಿದ್ದರೆ ಚೌರಪ್ಪ ಹೋಗುವ ಮೊದಲು ನಾನು..."

ಗುರುಗಳು ಕೈಯೆತ್ತಿ ಅವನನ್ನು ತಡೆದರು.

"ಮೊಳೆಯೋ ಚಿಲಕವೋ ಎಂದು ನೀನು ಕೇಳಿದೆ ಇನ್ನಾಸಪ್ಪ, ಮೂರು ಮೈಲಿ ನಡೆಯಲು ಆ ಅಣ್ಣತಮ್ಮಂದಿರಿಗೆ ಒಂದು ಹೆಣ ಯಾಕೆ ಬೇಕಾಗಿತ್ತು ಎಂದು ಕೇಳಲೇ ಇಲ್ಲ."