ಅಂಗಳದ ಗಡಿಗೆ ಮತ್ತು ಬಿಗಿಮುಚ್ಚಳದ ಡಬ್ಬ

ದಾವಣಗೆರೆಯಲ್ಲಿ ಹತ್ತಿಗಿರಣಿ ಕೆಲಸಗಾರರ ವಠಾರವೊಂದಿತ್ತು. ಆಹಾ, ನೆನೆದರೆ ಈಗಲೂ ಖುಷಿ! ಅದರ ಅಂಗಳದಲ್ಲಿ ಅಗಲ ಬಾಯಿಯ ಮಣ್ಣಿನ ಗಡಿಗೆ. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಪ್ರತಿ ಮನೆಯವರೂ ಅದಕ್ಕೆ ಒಂದು ಹಿಡಿ ಅಕ್ಕಿ ಹಾಕಬೇಕು. ಯಾರೇ ಕಾಯಿಲೆ ಬೀಳಲಿ, ಆ ಅಕ್ಕಿ ಮಾರಿ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದರು.

ಶಾಂತವೀರಮ್ಮನ ಮನೆಯವರೆಲ್ಲ ಗಟ್ಟಿಮುಟ್ಟು. ಅವರ ಅಕ್ಕಿಡಬ್ಬದ್ದು ಬಲು ಬಿಗಿ ಮುಚ್ಚಳ. ದಿನವೂ ಸೌಟಿನ ಹಿಡಿಯಿಂದ ಮೀಟಬೇಕು. ಒಂದು ಬೆಳಿಗ್ಗೆ ಡಬ್ಬ ಕಿಟಕಿಯಿಂದಲೇ ಕೂಗಿತು:

"ಗಡಿಗೆಯಕ್ಕಾ, ವರ್ಷವಿಡೀ ಕೊಟ್ಟೆ. ನಮ್ಮಲ್ಲಿ ಒಬ್ಬರೂ ಸೀನಲಿಲ್ಲ. ನನ್ನ ಅಕ್ಕಿ ವಾಪಸ್ ಕೊಡು. ಇನ್ನು ನಾನು ಮುಚ್ಚಳ ತೆಗೆಯುವುದಿಲ್ಲ."

"ಇವತ್ತೇ ಬೇಕೇನಪ್ಪಾ? ಅತ್ತ ಕೊನೆಯ ಮನೆಯ ಹನುಮವ್ವ ಜ್ವರದಲ್ಲಿ ಮಲಗಿದ್ದಾಳೆ. ನೀನು ಮುಚ್ಚಿಕೊಂಡರೆ ಉಳಿದ ಡಬ್ಬಗಳೂ ಮುಚ್ಚಿಕೊಳ್ಳುತ್ತವೆ. ಅವಳ ಔಷಧಿ ನಿಲ್ಲುತ್ತದೆ."

"ಜ್ವರ ಅವಳದು, ಅಕ್ಕಿ ನನ್ನದು. ಎಲ್ಲಿದೆ, ಅದನ್ನು ಹೇಳು."

ಗಡಿಗೆ ನಕ್ಕಿತು. "ಅಗೋ ನೋಡು, ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದೆ."

ಡಬ್ಬ ನೋಡಿತು. ಹೋದ ಮಳೆಗಾಲದಲ್ಲಿ ವಿಷಮಶೀತ ಜ್ವರ ಬಂದು ಎದ್ದು ಕೂರಲೂ ಆಗದಿದ್ದ ಪಕ್ಕದ ಮನೆಯ ಚೆನ್ನಬಸವಿ ಒಂಟಿಕಾಲಲ್ಲಿ ಕುಪ್ಪಳಿಸುತ್ತಿದ್ದಳು. "ಗೆರೆ ತುಳಿದೆ ಕಣೇ, ಕಳ್ಳೀ!" ಎಂದು ಶಾಂತವೀರಮ್ಮನ ಮಗಳೇ ಅವಳ ಜಡೆ ಎಳೆಯುತ್ತಿದ್ದಳು.

ಅಷ್ಟರಲ್ಲಿ ಶಾಂತವೀರಮ್ಮ ಸೌಟು ಹಿಡಿದು ಬಂದರು. ಮುಚ್ಚಳ ಅವರ ಬೆರಳು ತಾಗಿದ ಕೂಡಲೇ ತೆರೆದುಕೊಂಡಿತು.